ಕಾರಣ ಸಂಖ್ಯೆ ಮೂರು

ಕುಸುಮ ಸತ್ತ ಹನ್ನೊಂದನೇ ದಿನ, ಅವಳ ತಾಯಿಯ ದನಿಯಲ್ಲಿ ಮಾತಾಡು ಎಂದು ಮಧುಕರ್ ಸರ್ ನನಗೆ ಹೇಳಿದರು.

"ಗುರುವಾರ ಪ್ರೆಸೆಂಟೇಶನ್ ಇದೆ ದತ್ತು. ಹೆಲ್ತ್ ಆಫೀಸರ್ ಬರ್ತಾರೆ, ಫಂಡಿಂಗ್ ಕೊಡೋವ್ರು ಬರ್ತಾರೆ. ಅವತ್ತು ಆಫೀಸಲ್ಲಿ ಮಾಡಿ ತೋರಿಸಿದ್ಯಲ್ಲ, ಆ ತಾಯಿ ಬಾಗಿಲಲ್ಲಿ ನಿಂತು ಬೇಡ ಅಂದಿದ್ದು, ಅದನ್ನ ಹಾಗೇ ಮಾಡು. ಎರಡೇ ನಿಮಿಷ. ಚಾರ್ಟ್ ನೋಡಿದ್ರೆ ಯಾರಿಗೂ ಏನೂ ಅನಿಸಲ್ಲ. ವಾಯ್ಸ್ ಕೇಳಿದ್ರೆ ಅನಿಸತ್ತೆ."

"ಸರ್, ಆ ಕೂಸು ತೀರಿಕೊಂಡಿತು."

"ಗೊತ್ತು. ವೆರಿ ಸ್ಯಾಡ್. ಅದಕ್ಕೇ ಇನ್ನೂ ಇಂಪಾರ್ಟೆಂಟ್."

ಮಧುಕರ್ ಸರ್ ಮೈಸೂರಿನವರು. ಒಳ್ಳೆಯವರು. ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆ ಕೂಸು ನನ್ನ ದೊಡ್ಡಪ್ಪನ ಮಗಳ ಮಗಳು ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ನಾನು ಯಾದಗಿರಿ ಕಡೆಯವನು. ಹಾಸ್ಟೆಲ್ ಅನ್ನ ತಿಂದು ಓದಿದೆ. ಕಲಬುರಗಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿದೆ. ನಮ್ಮ ಕೇರಿಗೆ ನಾನೇ ಮೊದಲ ಎಂ.ಎ. ಸಮಾಜ ಏನೆಂಬುದು ನಮಗೆ ಹುಟ್ಟಿದ ದಿನವೇ ಗೊತ್ತಾಗಿತ್ತು. ಶಾಸ್ತ್ರ ಮಾತ್ರ ಬೇರೆಯವರ ಕೈಯಲ್ಲಿತ್ತು. ಅದನ್ನು ಇಸಿದುಕೊಳ್ಳಲು ಹೋದೆ. ನನಗೆ ಇನ್ನೊಂದು ವಿದ್ಯೆಯೂ ಬರುತ್ತದೆ. ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಹಾಸ್ಟೆಲ್ಲಿನಲ್ಲಿ ವಾರ್ಡನ್ ದನಿ ತೆಗೆದು ಅಡುಗೆಯವನಿಂದ ಎರಡನೇ ಸಲ ಸಾರು ಹಾಕಿಸಿಕೊಂಡವನು ನಾನು.

ಪುಣೆಯ ಸದಾಶಿವ ಪೇಠದಲ್ಲಿ ಹಳೆಯ ವಾಡೆಯೊಂದರ ಮಹಡಿಯ ಮೇಲೆ ನಮ್ಮ ಸಂಸ್ಥೆ ಇದೆ. ಕೆಳಗೆ ಕೋಚಿಂಗ್ ಕ್ಲಾಸು. ಸಾಂಕ್ರಾಮಿಕ ರೋಗ ಬರುವ ಮುಂಚೆ ಏನು ಸಿದ್ಧತೆ ಬೇಕು, ಬಂದಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ತಿಳಿದು ಸರ್ಕಾರಕ್ಕೆ ಹೇಳುವುದು ಸಂಸ್ಥೆಯ ಕೆಲಸ. "ಡಾಕ್ಟರಿಗೆ ವೈರಸ್ ಗೊತ್ತು, ಜನ ಗೊತ್ತಿಲ್ಲ. ಜನ ಯಾರು ಅಂತ ನಾವು ಹೇಳ್ಬೇಕು" ಎಂದು ಮಧುಕರ್ ಸರ್ ಹೇಳುತ್ತಿದ್ದರು. ಆ ಮಾತು ನನಗೆ ಈಗಲೂ ಸರಿ ಎನಿಸುತ್ತದೆ. ಅದಕ್ಕೇ ಸಿಟ್ಟು.

ಊರ ಪೂರ್ವದ ಅಂಚಿನಲ್ಲಿ ಏಳಂತಸ್ತಿನ ಕಟ್ಟಡಗಳು ಏಳುತ್ತಿದ್ದವು. ಮುಂದೆ ಸ್ವಿಮ್ಮಿಂಗ್ ಪೂಲಿನ ಚಿತ್ರವಿದ್ದ ದೊಡ್ಡ ಬೋರ್ಡು. ಹಿಂದೆ ತಗಡಿನ ಶೆಡ್ಡುಗಳು. ಶೆಡ್ಡಿನಲ್ಲಿ ಯಾದಗಿರಿ ಕಡೆಯಿಂದ ಕೂಲಿಗೆ ಬಂದ ನಮ್ಮವರು. ಅರುವತ್ತು ಮನೆಗೆ ಒಂದು ನಲ್ಲಿ. ಅಲ್ಲಿ ಮಕ್ಕಳಿಗೆ ದಡಾರ ಬಂತು. ಸಂಸ್ಥೆಗೆ ಸರ್ವೇ ಬಂತು. ನನ್ನ ಕೈಗೆ ಟ್ಯಾಬ್ ಬಂತು. ನಮ್ಮ ತಂಡವನ್ನು ಕ್ಯಾಂಪಿನವರು ಸರ್ವೇ ಜನ ಎಂದು ಕರೆದರು. ಆ ಜಾಗದಲ್ಲಿ ಸುಖವಾಗಿದ್ದವರು ನಾವೇ.

ಟ್ಯಾಬಿನಲ್ಲಿ ಹತ್ತೊಂಬತ್ತನೇ ಪ್ರಶ್ನೆ: ಲಸಿಕೆ ಹಾಕಿಸದಿರಲು ಕಾರಣ. ಒಂದು, ಮರೆವು. ಎರಡು, ಭಯ. ಮೂರು, ನಂಬಿಕೆಯಿಂದ ನಿರಾಕರಣೆ. ನಾಲ್ಕು, ಇತರೆ.

ಒಂದನ್ನು ಒತ್ತದಿದ್ದರೆ ಮುಂದಿನ ಪ್ರಶ್ನೆ ತೆರೆಯುವುದಿಲ್ಲ. ನಾಲ್ಕು ಒತ್ತಿದರೆ ಇಂಗ್ಲಿಷಿನಲ್ಲಿ ವಿವರ ಬರೆಯಬೇಕು. ಬರೆದರೆ ಸಂಜೆ ಆ ಫಾರ್ಮು ವಾಪಸ್ ಬರುತ್ತದೆ. ಮತ್ತೆ ಆ ಮನೆಗೆ ಹೋಗಬೇಕು. ದಿನಕ್ಕೆ ಮೂವತ್ತು ಮನೆ ಮುಗಿಯಲೇಬೇಕು. ಹಾಗಾಗಿ ನಮ್ಮ ಸರ್ವೇಯಲ್ಲಿ ನಾಲ್ಕನೇ ಕಾರಣ ಯಾರಿಗೂ ಇರಲಿಲ್ಲ.

ಹದಿನಾಲ್ಕನೇ ಮನೆ ಶರಣಮ್ಮನದು. ನನ್ನ ಅಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬಾಗಿಲಿನ ತಗಡಿಗೆ ತಂತಿಯಲ್ಲಿ ಬೇವಿನ ಟೊಂಗಿ ಕಟ್ಟಿತ್ತು.

ನಮ್ಮ ಕಡೆ ಕೂಸಿನ ಮೈಮೇಲೆ ಎದ್ದರೆ ರೋಗದ ಹೆಸರು ಹೇಳುವುದಿಲ್ಲ. ಅವ್ವ ಬಂದಾಳ ಎನ್ನುತ್ತೇವೆ. ಬಾಗಿಲಿಗೆ ಬೇವು ಕಟ್ಟುತ್ತೇವೆ. ಬೇವು ಕಂಡವರು ಒಳಗೆ ಕಾಲಿಡುವುದಿಲ್ಲ. ಕೂಸು ಹೊರಗೆ ಬರುವುದಿಲ್ಲ. ತಾಯಿ ದುಡಿಯಲು ಹೋಗುವುದಿಲ್ಲ. ಆ ಮನೆಯಿಂದ ಬಟ್ಟೆ ಪಾತ್ರೆ ಹೊರಗೆ ಹೋಗುವುದಿಲ್ಲ. ಒಗ್ಗರಣೆ ಹಾಕುವುದಿಲ್ಲ. ಹೀಗೆ ಒಂಬತ್ತು ದಿನ. ಕೋವಿಡ್ ಬಂದಾಗ ಟೀವಿಯವರು ಇದಕ್ಕೇ ಒಂದು ಇಂಗ್ಲಿಷ್ ಹೆಸರಿಟ್ಟು, ದಯವಿಟ್ಟು ಮಾಡಿ ಎಂದು ಕೈಮುಗಿದರು. ನನ್ನ ಆಯಿ, ಅಂದರೆ ಅಜ್ಜಿ ತಿಪ್ಪವ್ವ, ಅದನ್ನು ತನ್ನ ಆಯಿಯಿಂದ ಕಲಿತಿದ್ದಳು.

ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಕುಸುಮ ಹನ್ನೊಂದು ತಿಂಗಳಿನವಳು. ಮುಖದ ತುಂಬ ಕೆಂಪು. ಕಣ್ಣು ಅಂಟಿಕೊಂಡಿದ್ದವು.

"ದತ್ತೂ, ಅಲ್ಲೇ ನಿಂದ್ರು. ಒಳಗ ಬರಬ್ಯಾಡ. ಅವ್ವ ಬಂದಾಳ."

"ಯಾವಾಗಿಂದ?"

"ನಿನ್ನಿ ಮುಂಜಾನಿಂದ. ಮಲಿ ಹಿಡೀವಲ್ದು. ಆ ಸಿಸ್ಟರ್‌ಗೆ ಹೇಳೋ, ಆಜೂಬಾಜೂ ಹುಡುಗ್ರಿಗಿ ಮೊದಲ ಸೂಜಿ ಹಾಕಂತ. ಇಲ್ಲಿ ನಿಂತು ಹೊತ್ತು ಕಳೀಬ್ಯಾಡ್ರಿ. ನಂದು ಆಗಿ ಹೋಗ್ಯದ, ಅವರದು ಆಗಬಾರದು. ನನಗ ಡಾಕ್ಟರ್‌ಗೆ ಅಷ್ಟ ಕಳಸು."

ಆ ದಿನ ಸರ್ವೇ ತಂಡದ ಜೊತೆ ಒಳಗೆ ಬಂದಿದ್ದ ನರ್ಸ್ ಶಾಲಿನಿ ಸಿಸ್ಟರ್ ನಲ್ಲಿಯ ಹತ್ತಿರ ಬೇರೆ ತಾಯಂದಿರ ಜೊತೆ ನಿಂತಿದ್ದರು. ಏನಂತೆ ಎಂದು ಅಲ್ಲಿಂದಲೇ ಮರಾಠಿಯಲ್ಲಿ ಕೂಗಿದರು. ಕೈ ಆಡಿಸಿದೆ. ಬೇಡ ಎಂಬಂತೆ. ಟ್ಯಾಬಿನಲ್ಲಿ ಮೂರು ಒತ್ತಿದೆ.

ಏಕೆ ಒತ್ತಿದೆ? ಇನ್ನೂ ಹದಿನಾರು ಮನೆ ಬಾಕಿ ಇದ್ದವು. ಸಂಬಂಧಿಕರ ಮನೆಯ ಸರ್ವೇ ಮಾಡಬಾರದೆಂಬ ನಿಯಮ ಇತ್ತು. ಅವಳು ನನ್ನ ಅಕ್ಕ ಎಂದು ಸಿಸ್ಟರಿಗೆ ಗೊತ್ತಾಗಬಾರದಿತ್ತು. ನಾನು ತಗಡಿನ ಶೆಡ್ಡಿನವನು ಎಂದು ಯಾರಿಗೂ ಗೊತ್ತಾಗಬಾರದಿತ್ತು. ಅಕ್ಕ ಹೇಳಿದ್ದು ಅರ್ಥವಾಗದೆ ಒತ್ತಿದೆ ಎಂದರೆ ಅದು ಸುಳ್ಳು. ಒಂದೊಂದು ಅಕ್ಷರವೂ ಅರ್ಥವಾಗಿತ್ತು.

ಮೂರು ಒತ್ತಿದ ಮನೆಗೆ ಡಾಕ್ಟರ್ ಹೋಗುವುದಿಲ್ಲ. ಆ ಮನೆಯ ಹೆಸರು ತಿಳಿವಳಿಕೆ ತಂಡದ ಪಟ್ಟಿಗೆ ಹೋಗುತ್ತದೆ. ತಂಡ ಎರಡು ದಿನ ಬಿಟ್ಟು ಬಂದು ಬೀದಿನಾಟಕ ಆಡುತ್ತದೆ. ಇದನ್ನು ತರಬೇತಿಯಲ್ಲಿ ನನಗೆ ಹೇಳಿದ್ದರು. ಮರೆತಿದ್ದೆ. ಕಾರಣ ಸಂಖ್ಯೆ ಒಂದು.

ಬೇವು ಕಟ್ಟಿದ ಮನೆಗಳು ಆ ದಿನ ಹನ್ನೊಂದು ಸಿಕ್ಕವು. ಹನ್ನೊಂದಕ್ಕೂ ಮೂರು ಒತ್ತಿದೆ.

ಸಂಜೆ ಆಫೀಸಿನಲ್ಲಿ ಚಹಾ ಬಂತು. ಫೀಲ್ಡ್ ಹೇಗಿತ್ತು ಎಂದು ಕೇಳಿದರು. ನಾನು ಎದ್ದು ನಿಂತೆ. ತಲೆಯ ಮೇಲೆ ಟವೆಲ್ ಹೊದ್ದೆ. ಸೊಂಟ ಒಂದು ಕಡೆಗೆ ವಾಲಿಸಿದೆ. ಕಣ್ಣು ಅಗಲಿಸಿ, "ಒಳಗ ಬರಬ್ಯಾಡ! ಅವ್ವ ಬಂದಾಳ!" ಎಂದೆ. ಆಫೀಸು ಬಿದ್ದು ಬಿದ್ದು ನಕ್ಕಿತು. ಇನ್ನೊಂದು ಸಲ ಎಂದರು. ಇನ್ನೊಂದು ಸಲ ಮಾಡಿದೆ. ಸೂಜಿ ಮೊದಲು ಬೇರೆ ಮಕ್ಕಳಿಗೆ ಹಾಕಿರಿ ಎಂಬ ಮಾತನ್ನು ಬಿಟ್ಟೆ. ಅದರಲ್ಲಿ ನಗು ಇರಲಿಲ್ಲ. ಮಧುಕರ್ ಸರ್ ಫೋನಿನಲ್ಲಿ ಹಿಡಿದುಕೊಂಡರು. "ಬ್ಯೂಟಿಫುಲ್ ಕೋಟ್" ಎಂದರು.

ಮರುದಿನ ನನ್ನನ್ನು ಕುರಕುಂಭಕ್ಕೆ ಕಳಿಸಿದರು. ಅಲ್ಲಿನ ಕಾರ್ಖಾನೆ ಕೂಲಿಗಳ ಸರ್ವೇ. ಎಂಟು ದಿನ. ಡಾಕ್ಟರ್ ಅಕ್ಕನ ಮನೆಗೆ ಹೋಗಿರುತ್ತಾರೆ ಎಂದುಕೊಂಡೆ. ಅಂದುಕೊಳ್ಳುವುದಕ್ಕೆ ಯಾವ ಗುಂಡಿಯನ್ನೂ ಒತ್ತಬೇಕಿರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ಹನ್ನೊಂದು ಜನರ ಬಾಯಲ್ಲಿ ಕೇಳಿದ್ದೇನೆ. ಹನ್ನೊಂದೂ ಒಂದೇ.

ಬೇವು ಕಟ್ಟಿದ ಮೂರನೇ ದಿನ ಪಾರ್ಕಿಂಗ್ ಮೇಲಿನ ಸ್ಲ್ಯಾಬ್ ಹಾಕುವುದಿತ್ತು. ಸ್ಲ್ಯಾಬಿನ ದಿನ ಕೈ ಕಡಿಮೆ ಬೀಳಬಾರದು. ಕೂಲಿಗಳನ್ನು ದುಡಿಸುವ ಮುಕಾದಮ ಭೀಮಶ್ಯಾ ಮುಂಜಾನೆ ಶೆಡ್ಡಿಗೆ ಬಂದ. ಅವನೂ ನಮ್ಮ ಕಡೆಯವನೇ. ಬೇವಿನ ಅರ್ಥ ಅವನಿಗೂ ಗೊತ್ತು.

"ಏ ಶರಣೀ, ಎಷ್ಟ ದಿನ ಕುಂದುರ್ತಿ? ಅವ್ವ ಬಂದಾಳ, ಅಪ್ಪ ಬಂದಾನಂತ ಎಲ್ಲಾರೂ ಒಳಗ ಕುಂತ್ರ ಸ್ಲ್ಯಾಬ್ ಯಾರು ಹಾಕಬೇಕು?"

"ಅಣ್ಣಾ, ಕೂಸಿಂದು ಉಸರು ಏಳಕ್ಕತ್ತದ. ಒಂಬತ್ತ ದಿನ ಆಗಲಿ."

"ಒಂಬತ್ತ ದಿನ? ಸಾಹೇಬಗ ಹೋಗಿ ನೀನೇ ಹೇಳು. ಕೆಲಸಕ್ಕ ಬಾ, ಇಲ್ಲಂದ್ರ ಶೆಡ್ಡ ಖಾಲಿ ಮಾಡು."

ಟೊಂಗಿಯನ್ನು ಕಿತ್ತ. ಮೊಣಕಾಲಿಗೆ ಹಚ್ಚಿ ಮುರಿದ. ಗಟಾರಕ್ಕೆ ಎಸೆದ. ಹನ್ನೊಂದು ಬಾಗಿಲಲ್ಲೂ ಹೀಗೇ ಮಾಡಿದ.

ಕೂಲಿ ಹೆಂಗಸರ ಮಕ್ಕಳನ್ನು ಬಿಡಲು ಅಲ್ಲೊಂದು ತಗಡಿನ ಕೋಣೆ ಇತ್ತು. ಕಿಟಕಿ ಇರಲಿಲ್ಲ. ಇಪ್ಪತ್ತೆರಡು ಮಕ್ಕಳು. ಕಾಯಲು ಒಬ್ಬಳು ಮುದುಕಿ. ಮೈತುಂಬ ಕೆಂಪು ಹೊತ್ತ ಕುಸುಮಳನ್ನು ಆ ಇಪ್ಪತ್ತೆರಡರ ನಡುವೆ ಮಲಗಿಸಿ ಅಕ್ಕ ಮಿಕ್ಸರಿನ ಬಾಯಿಗೆ ಹೋದಳು.

ಮುಂಜಾನೆ ಏಳರಿಂದ ಸಂಜೆ ಏಳು. ತಲೆಯ ಮೇಲೆ ಪುಟ್ಟಿ. ಪುಟ್ಟಿಯ ತುಂಬ ಕಾಂಕ್ರೀಟು. ಏಣಿಯ ಮೇಲೆ ಸಾಲು. ಹಿಂದಿನವಳು ತಳ್ಳುತ್ತಾಳೆ, ಮುಂದಿನವಳು ಎಳೆಯುತ್ತಾಳೆ. ನಿಂತರೆ ಸಾಲೇ ನಿಲ್ಲುತ್ತದೆ. ಭೀಮಶ್ಯಾನ ಬಾಯಿ ನಿಲ್ಲುವುದಿಲ್ಲ. ಕೂಸು ಕುಡಿಯದ ಹಾಲು ಅಕ್ಕನ ಎದೆಯಲ್ಲಿ ಕಟ್ಟಿತು. ಮಧ್ಯಾಹ್ನಕ್ಕೆ ಸೋರಿತು. ರವಿಕೆ ತೊಯ್ದಿತು. ತೊಯ್ದ ರವಿಕೆಗೆ ಸಿಮೆಂಟಿನ ಧೂಳು ಹತ್ತಿತು. ಸಂಜೆ ಹೊತ್ತಿಗೆ ಅವಳ ಎದೆಯ ಮೇಲೆ ಸಿಮೆಂಟು ಗಟ್ಟಿಯಾಗಿತ್ತು. ಬಿಡಿಸುವಾಗ ಚರ್ಮ ಬಂತು.

ಮರುದಿನ ಕೂಸಿನ ಪಕ್ಕೆಲುಬು ಒಳಗೆ ಹೋಗತೊಡಗಿದವು. ಗಂಡ ಅವ್ವಣ್ಣ ಎತ್ತಿಕೊಂಡು ಓಡಿದ. ಆಸ್ಪತ್ರೆಯವರು ನ್ಯುಮೋನಿಯಾ ಎಂದರು. ಎರಡು ದಿನ ಇತ್ತು. ಹೋಯಿತು.

ಅವ್ವಣ್ಣ ಓಡಿದ ಹೊತ್ತಿಗೆ ಸರಿಯಾಗಿ ತಿಳಿವಳಿಕೆ ತಂಡದವರು ಕ್ಯಾಂಪಿಗೆ ಬಂದರು. ಅಕ್ಕನ ಖಾಲಿ ಶೆಡ್ಡಿನ ಮುಂದೆ ಹಲಗೆ ಬಾರಿಸಿದರು. ಲಸಿಕೆ ಬೇಡ ಎನ್ನಬೇಡಿ ಎಂದು ಹಾಡಿದರು. ಫೋಟೋ ತೆಗೆಸಿಕೊಂಡರು.

ತಗಡಿನ ಕೋಣೆಯ ಮಕ್ಕಳಲ್ಲಿ ಹದಿನಾಲ್ಕಕ್ಕೆ ಮೈಮೇಲೆ ಎದ್ದಿತು. ಆಗ ಬಿಲ್ಡರನಿಗೆ ಒಬ್ಬ ಅಪರಾಧಿ ಬೇಕಾಯಿತು. ನಮ್ಮ ಸಂಸ್ಥೆಯ ಪಟ್ಟಿ ಅವನ ಕೈಗೆ ಹೇಗೆ ಹೋಯಿತೋ ತಿಳಿಯದು. ನಿರಾಕರಿಸಿದ ಹನ್ನೊಂದು ಮನೆ. ರೋಗ ತಂದವರು ಇವರೇ, ಬರುವ ಶುಕ್ರವಾರದೊಳಗೆ ಶೆಡ್ಡು ಬಿಡಬೇಕು ಎಂದು ಭೀಮಶ್ಯಾ ಸಾರಿದ. ಪಟ್ಟಿಯಲ್ಲಿ ಮೊದಲ ಹೆಸರು ಶರಣಮ್ಮ. ಆಸ್ಪತ್ರೆಯ ಕಾಗದದಲ್ಲೂ ಅದೇ ಬಂತು: ತಾಯಿ ಲಸಿಕೆ ನಿರಾಕರಿಸಿದ್ದಾಳೆ. ಕೂಸನ್ನು ಮಣ್ಣು ಮಾಡಿ ಬಂದವಳಿಗೆ ಓಣಿಯ ಹೆಂಗಸೊಬ್ಬಳು ಕೇಳಿದಳಂತೆ, "ಸೂಜಿ ಯಾಕ ಬ್ಯಾಡಂದಿ ಶರಣಮ್ಮ?"

ಇಷ್ಟೆಲ್ಲ ಆದ ಮೇಲೆ ಮಧುಕರ್ ಸರ್ ನನ್ನನ್ನು ಕರೆದು ಆ ದನಿ ತೆಗೆ ಎಂದದ್ದು.

ಭಾನುವಾರ ಮುಂಜಾನೆ ಕ್ಯಾಂಪಿಗೆ ಹೋದೆ. ಅಕ್ಕ ಮರಳು ಹೊರುತ್ತಿದ್ದಳು. ಅವಳ ಜೊತೆಗೇ ಕ್ಯಾಂಪಿನಲ್ಲಿದ್ದ ಆಯಿ ಕಲ್ಲಿನ ಮೇಲೆ ಕೂತಿದ್ದಳು. ಅವ್ವಣ್ಣ ಜರಡಿ ಹಿಡಿಯುತ್ತಿದ್ದ.

"ಅಕ್ಕಾ, ನಿನ್ನ ಹೆಸರ ಪಟ್ಟಿದಾಗ ಹಾಕಿದವ ನಾನೇ."

ಎಲ್ಲ ಹೇಳಿದೆ. ಟ್ಯಾಬು, ಮೂರು, ಟವೆಲ್ಲು, ಮತ್ತೆ ಆ ದನಿ ತೆಗೆಯಬೇಕಾದ ಮೀಟಿಂಗು. ಅವಳು ಪುಟ್ಟಿ ಇಳಿಸಲಿಲ್ಲ. ಹೊತ್ತೇ ಕೇಳಿದಳು.

"ನನ್ನಂಗ ಮಾತಾಡಿ ತೋರಿಸಿದಿ?"

"ಹೂಂ."

"ಮಂದಿ ನಕ್ರು?"

"ನಕ್ರು."

"ನೀ?"

"ನಾನೂ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಮರಳು ಸುರಿದಳು. ಖಾಲಿ ಪುಟ್ಟಿಯನ್ನು ನನ್ನ ಕಾಲ ಹತ್ತಿರ ಒಗೆದಳು.

"ಹೊರು."

ಹೊತ್ತೆ. ಹತ್ತನೇ ಪುಟ್ಟಿಗೆ ಕತ್ತು ಉರಿಯಿತು. ಇಪ್ಪತ್ತಕ್ಕೆ ಅಂಗೈ ಕಿತ್ತಿತು. ಮೂವತ್ತಕ್ಕೆ ಕಾಲು ನಡುಗಿ ಮಂಡಿಯ ಮೇಲೆ ಬಿದ್ದೆ. ಯಾರೂ ನಗಲಿಲ್ಲ. ದಿನಕ್ಕೆ ಮೂವತ್ತು ಮನೆ ಮುಗಿಸುತ್ತಿದ್ದವನು ಮೂವತ್ತು ಪುಟ್ಟಿಗೆ ಮುಗಿದಿದ್ದೆ.

ಆಯಿ ನೀರು ಕೊಟ್ಟಳು. ಆಮೇಲೆ ಬೈದಳು.

"ಮುಕಳ್ಯಾಗ ಎರಡ ಅಕ್ಷರ ಬಿದ್ದಕೂಡ್ಲೇ ಬೇವು ಮರತಿ ಏನಲೇ? ಸೂಜಿ ಬ್ಯಾಡಂದವರು ಯಾರು? ಬೇವು ಕಟ್ಟಿದ್ದು ಮಂದಿ ಬರಬಾರದಂತ. ಸೂಜಿ ಬರಬಾರದಂತಲ್ಲ."

"ಮತ್ತ ಒಂಬತ್ತ ತಿಂಗಳಿಗಿ ಹಾಕಸೋ ಸೂಜಿ ಯಾಕ ಹಾಕಿಸಿಲ್ಲ?" ಎಂದು ಕೇಳಿದೆ.

ಆಗ ಅಕ್ಕ ಕೂತಳು.

"ಮೂರ ಮಂಗಳವಾರ ಕೂಸಿಗಿ ಎತಗೊಂಡು ಗೇಟಿಗಿ ಹೋಗಿನಿ. ಮೂರೂ ಸಲ ಸಿಸ್ಟರ್ ಬಂದಿದ್ಳು. ಆಕಿ ಆಚಿಕಡಿ, ನಾ ಈಚಿಕಡಿ. ನಡುವ ಗೇಟು. ಗೇಟಿನವ ಬಿಡಲಿಲ್ಲ. ಮನಿ ನೋಡ್ಲಿಕ್ಕ ಗಿರಾಕಿ ಬರ್ತಾರ, ಸೂಜಿ ಪೆಟಗಿ ಕಂಡ್ರ ಇಲ್ಲಿ ರೋಗ ಅದ ಅಂತ ಓಡಿ ಹೋಗ್ತಾರ ಅಂದ. ಕೂಸಿನ ತೊಡಿ ಸರಳಿನಾಗ ಹಾಯಿಸಿ ಹಿಡೀಲೇನು ಸಿಸ್ಟರ್ ಅಂದೆ. ಆಕಿ ಅತ್ಳು."

"ಇದನ್ನ ನಮ್ಮ ಆಫೀಸಿನವರಿಗೆ ಹೇಳಲಿಲ್ಲೇನು? ಎಲ್ಲಾರಿಗೂ ಕೂಡಿಸಿ ಫೋಕಸ್ ಗ್ರೂಪ್ ಮಾಡಿದ್ರಲ್ಲ?"

"ಎಂಥಾ ಗ್ರೂಪೋ?" ಆಯಿ ಮೂಗು ಮುರಿದಳು. "ಫುಕಟ್ ಗ್ರೂಪ್ ಅನ್ನು. ಫುಕಟ ಚಾ, ಫುಕಟ ಬಿಸ್ಕೀಟು. ದೇವರ ಸುದ್ದಿ ಕೇಳಿದ್ರು, ಬರಕೊಂಡ್ರು. ಗೇಟಿನ ಸುದ್ದಿ ಹೇಳಿದ್ವಿ, ಪೆನ್ನು ಮುಚ್ಚಿದ್ರು."

ಅಕ್ಕ ನನ್ನ ಅಂಗೈ ಹಿಡಿದು ಬೊಬ್ಬೆ ನೋಡಿದಳು.

"ಎಂದದ ನಿಮ್ಮ ಮೀಟಿಂಗು?"

"ಗುರುವಾರ."

"ಗುರುವಾರ ಎರಡನೇ ಸ್ಲ್ಯಾಬ್ ಅದ," ಎಂದ ಅವ್ವಣ್ಣ.

"ಇರ್ಲಿ," ಎಂದಳು ಅಕ್ಕ. "ಅವತ್ತೂ ಸ್ಲ್ಯಾಬ್ ಇತ್ತು."

ಗುರುವಾರ ಮಿಕ್ಸರ್ ತಿರುಗಿತು. ಏಣಿಯ ಮೇಲೆ ಸಾಲು ಇರಲಿಲ್ಲ. ಹನ್ನೊಂದು ಹೆಂಗಸರು ಬಸ್ಸು ಹತ್ತಿದ್ದರು, ಜೊತೆಗೆ ಆಯಿ.

ಸದಾಶಿವ ಪೇಠದ ಹಾಲಿನಲ್ಲಿ ಇಪ್ಪತ್ತು ಕುರ್ಚಿ. ಹೆಲ್ತ್ ಆಫೀಸರ್ ಮುಂದೆ ಕೂತಿದ್ದರು. ಫಂಡಿಂಗ್ ಕೊಡುವವರು ಕೂತಿದ್ದರು. ಬಿಲ್ಡರ್ ಕಡೆಯ ಸಾಹೇಬನೊಬ್ಬ ಕೂತಿದ್ದ. ಕೊನೆಯ ಸಾಲಿನಲ್ಲಿ ಶಾಲಿನಿ ಸಿಸ್ಟರ್. ಪರದೆಯ ಮೇಲೆ ಬೇವಿನ ಟೊಂಗಿಯ ಫೋಟೋ. ನಾನೇ ತೆಗೆದದ್ದು. ಮೇಲೆ ದೊಡ್ಡ ಅಕ್ಷರದಲ್ಲಿ, ನಂಬಿಕೆಯೇ ತಡೆಗೋಡೆ. ಮಧುಕರ್ ಸರ್ ಚಾರ್ಟು ತೋರಿಸಿ ಮುಗಿಸಿದರು. "ಈಗ ಆ ತಾಯಿಯ ಮಾತನ್ನು ಅವರದೇ ದನಿಯಲ್ಲಿ ಕೇಳೋಣ" ಎಂದು ನನ್ನ ಕಡೆ ಕೈ ಮಾಡಿದರು.

ಎದ್ದೆ. ಮೊದಲು ಮರಾಠಿಯಲ್ಲಿ ಟ್ಯಾಬಿನ ದನಿ ತೆಗೆದೆ. ಟ್ಯಾಬಿಗೆ ದನಿ ಇಲ್ಲ. ಇದ್ದಿದ್ದರೆ ರೈಲ್ವೆ ಸ್ಟೇಷನ್ನಿನ ಹೆಂಗಸಿನದೇ ಇರುತ್ತಿತ್ತು.

"ದಯವಿಟ್ಟು ಗಮನಿಸಿ. ನಿಮ್ಮ ಕೂಸಿಗೆ ಲಸಿಕೆ ಇಲ್ಲ. ಮರೆತಿದ್ದರೆ ಒಂದು ಒತ್ತಿ. ಹೆದರಿದ್ದರೆ ಎರಡು ಒತ್ತಿ. ದೇವರು ಅಡ್ಡ ಬಂದಿದ್ದರೆ ಮೂರು ಒತ್ತಿ. ಗೇಟು ಅಡ್ಡ ಬಂದಿದ್ದರೆ, ಕ್ಷಮಿಸಿ, ಈ ಸೌಲಭ್ಯ ಲಭ್ಯವಿಲ್ಲ."

ನಕ್ಕರು. ಹಾಸ್ಯದಿಂದ ಶುರು ಮಾಡಿದ್ದಾನೆ ಎಂದುಕೊಂಡರು.

ಗೇಟಿನವನ ದನಿ ತೆಗೆದೆ. "ಚಲಾ, ಚಲಾ! ಗಿರಾಕಿ ಬರೋ ಹೊತ್ತು. ಸೂಜಿ ಪೆಟ್ಟಿಗೆ ಆಚೆ ಇಡು." ನಗು ಅರ್ಧಕ್ಕೆ ಇಳಿಯಿತು. ಬಿಲ್ಡರ್ ಕಡೆಯವನು ಕುರ್ಚಿಯಲ್ಲಿ ಸರಿದು ಕೂತ. ಭೀಮಶ್ಯಾನ ದನಿ ತೆಗೆದೆ. ಮೊಣಕಾಲಿಗೆ ಗಾಳಿಯ ಟೊಂಗಿ ಹಚ್ಚಿ ಮುರಿದೆ. "ಕೆಲಸಕ್ಕ ಬಾ, ಇಲ್ಲಂದ್ರ ಶೆಡ್ಡ ಖಾಲಿ ಮಾಡು." ಮರಾಠಿಯಲ್ಲಿ ಅರ್ಥ ಹೇಳಿದೆ. ಈಗ ಯಾರೂ ನಗಲಿಲ್ಲ. ಮಧುಕರ್ ಸರ್ ದನಿ ತೆಗೆದೆ. ತಲೆ ಸ್ವಲ್ಪ ಓರೆ ಮಾಡಿ, ಕನ್ನಡಕ ಮೇಲಕ್ಕೆ ತಳ್ಳಿ, "ಬ್ಯೂಟಿಫುಲ್ ಕೋಟ್." ಅವರ ಮುಖ ಬಿಳುಚಿತು.

ಕೊನೆಗೆ ನನ್ನದೇ ದನಿ ತೆಗೆದೆ. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಅಕ್ಕನ ಬಾಗಿಲಲ್ಲಿ ನಿಂತು, ಸಿಸ್ಟರಿಗೆ ಕೈ ಆಡಿಸಿ, ಬೆರಳಿನಿಂದ ಒತ್ತಿ ತೋರಿಸಿದೆ. ಹನ್ನೊಂದು ಸಲ ಒತ್ತಿದೆ. ಆಮೇಲೆ ಟವೆಲ್ ಹೊದ್ದು ನಕ್ಕೆ. ಒಬ್ಬನೇ ನಕ್ಕೆ.

"ದತ್ತು, ಸಾಕು. ಇದು ಡೇಟಾ ಅಲ್ಲ," ಎಂದರು ಮಧುಕರ್ ಸರ್.

"ಹೌದು ಸರ್. ಟ್ಯಾಬಿನಲ್ಲಿ ಇರೋದೂ ಅಲ್ಲ. ಒತ್ತಿದವನು ನಾನು. ಆ ತಾಯಿ ನನ್ನ ಅಕ್ಕ. ಅವಳು ಬೇಡ ಅನ್ನಲೇ ಇಲ್ಲ. ಬೇವು ಕಟ್ಟಿ ಕೂಸನ್ನು ಒಳಗಿಟ್ಟುಕೊಂಡಿದ್ದಳು. ನಿಮ್ಮ ಚಾರ್ಟಿನಲ್ಲಿ ತಡೆಗೋಡೆ ಅಂತ ಇರೋ ಆ ಬೇವು ನಿಜವಾಗಿಯೂ ತಡೆಗೋಡೆ ಸರ್. ಆ ಕ್ಯಾಂಪಿನಲ್ಲಿ ರೋಗವನ್ನು ತಡೆದದ್ದು ಅದೊಂದೇ. ಅದನ್ನು ಮುರಿದು ಹಾಕಿದ್ರು. ನಾವು ಅದರ ಫೋಟೋ ತೆಗೆದು ಅದನ್ನೇ ರೋಗ ಅಂದ್ವಿ."

ಹೆಲ್ತ್ ಆಫೀಸರ್ ಗಂಟಲು ಸರಿಪಡಿಸಿಕೊಂಡರು. "ಆ ತಾಯಿ ನಿಜವಾಗಿ ಏನಂದಳು? ಅದನ್ನು ಹೇಳು."

"ಆ ದನಿ ನನ್ನ ಹತ್ತಿರ ಇಲ್ಲ ಸಾಹೇಬರೆ. ವಾಪಸ್ ಕೊಟ್ಟಿದ್ದೇನೆ."

ಮರದ ಮೆಟ್ಟಿಲುಗಳು ಕಿರುಗುಟ್ಟುತ್ತಿದ್ದವು. ಅಕ್ಕ ಬಾಗಿಲಿಗೆ ಬಂದು ನಿಂತಳು. ಹಿಂದೆ ಆಯಿ, ಮತ್ತೆ ಹತ್ತು ಹೆಂಗಸರು ಮೆಟ್ಟಿಲ ಮೇಲೆ ಒಬ್ಬರ ಕೆಳಗೊಬ್ಬರು. ಏಣಿಯ ಮೇಲಿನದೇ ಸಾಲು. ತಲೆಯ ಮೇಲೆ ಪುಟ್ಟಿ ಮಾತ್ರ ಇರಲಿಲ್ಲ.

"ಬನ್ನಿ ಅಮ್ಮ, ಒಳಗೆ ಬನ್ನಿ," ಎಂದು ಮಧುಕರ್ ಸರ್ ಕುರ್ಚಿ ಎಳೆದರು.

"ಇಲ್ರಿ. ಒಳಗ ಬರಂಗಿಲ್ಲ. ನೀವ ಹೊರಗ ಬರ್ರಿ."

ಯಾರೂ ಏಳಲಿಲ್ಲ. ಕೆಳಗೆ ಕೋಚಿಂಗ್ ಕ್ಲಾಸಿನ ಹುಡುಗರು ಏನನ್ನೋ ಒಟ್ಟಾಗಿ ಓದುತ್ತಿದ್ದರು. ಅಕ್ಕ ಕಾದಳು. ಗೇಟಿನ ಮುಂದೆ ಕಾದು ರೂಢಿ ಇತ್ತು.

ಮೊದಲು ಎದ್ದವರು ಶಾಲಿನಿ ಸಿಸ್ಟರ್. ಬಗಲಿನ ಚೀಲದಿಂದ ರಿಜಿಸ್ಟರ್ ತೆಗೆದು ಹೆಲ್ತ್ ಆಫೀಸರ್ ಮುಂದೆ ಬಿಚ್ಚಿ ಹಿಡಿದರು.

"ಸಾಹೇಬ, ಮೂರು ಮಂಗಳವಾರ ಬರೆದಿದ್ದೇನೆ. ಗೇಟು ಬಂದ್, ಒಳಗೆ ಬಿಡಲಿಲ್ಲ. ಮೂರು ಸಲ ಮೇಲಕ್ಕೆ ಕಳಿಸಿದ್ದೇನೆ. ಯಾರೂ ಓದಲಿಲ್ಲ," ಎಂದು ಮರಾಠಿಯಲ್ಲಿ ಹೇಳಿ ಹೊರಗೆ ಹೋಗಿ ಅಕ್ಕನ ಪಕ್ಕ ನಿಂತರು. ಅಕ್ಕ ಅವರ ಕೈ ಹಿಡಿದಳು. ಈ ಸಲ ನಡುವೆ ಸರಳುಗಳಿರಲಿಲ್ಲ.

ಹೆಲ್ತ್ ಆಫೀಸರ್ ಗಡಿಯಾರ ನೋಡಿದರು. ರಿಜಿಸ್ಟರ್ ನೋಡಿದರು. ಎದ್ದರು. ಅವರು ಎದ್ದ ಮೇಲೆ ಉಳಿದವರೂ ಎದ್ದರು. ಹೊರಗೆ ಕುರ್ಚಿ ಇರಲಿಲ್ಲ. ಮೆಟ್ಟಿಲ ಮೇಲೆ, ಹೆಂಗಸರ ಕೆಳಗೆ ಕೂತರು. ಅಕ್ಕ ಮೊದಲಿನಿಂದ ಹೇಳಿದಳು. ನಾನು ಮರಾಠಿಗೆ ತಿರುಗಿಸಿದೆ. ಒಂದು ಮಾತನ್ನೂ ಬಿಡಲಿಲ್ಲ. ಹಾಲು, ಸಿಮೆಂಟು, ಕಿತ್ತುಬಂದ ಚರ್ಮ. ಅವಳ ದನಿ ತೆಗೆಯಲಿಲ್ಲ. ನನ್ನ ಒಡಕು ದನಿಯಲ್ಲೇ ಹೇಳಿದೆ.

"ವಿಚಾರಣೆ ಮಾಡ್ತೇವೆ," ಎಂದರು ಹೆಲ್ತ್ ಆಫೀಸರ್. "ನೋಡೋಣ."

"ನೋಡೂದು ಆಮ್ಯಾಲ," ಎಂದಳು ಆಯಿ. "ನಾಳಿ ಶುಕ್ರವಾರ. ಶೆಡ್ಡು ಬಿಡಸ್ತಾರಂತ. ನಿಮ್ಮ ಮಗ್ಗಲಾಗೇ ಬಿಲ್ಡರ್ ಮನಿಶ್ಯಾ ಕುಂತಾನ. ಈಗ ಹೇಳ್ರಿ ಅವಗ, ನಮ್ಮ ಎದುರಿಗೇ."

ಹೇಳಿದರು. ಯಾರನ್ನೂ ಎಬ್ಬಿಸಬೇಡಿ, ನಾಳೆಯಿಂದ ಗೇಟು ತೆರೆದಿರಲಿ, ನಾನೇ ಬರುತ್ತೇನೆ ಎಂದರು. ಬಿಲ್ಡರ್ ಕಡೆಯವನು ಮೊಬೈಲ್ ನೋಡುತ್ತ ತಲೆ ಆಡಿಸಿದ. ಆಯಿ ಬಿಡಲಿಲ್ಲ. "ತಲಿ ಬ್ಯಾಡ, ಬಾಯಿ ಬಿಡಪ್ಪಾ." ಅವನು ಬಾಯಿ ಬಿಟ್ಟು ಹೂಂ ಎಂದ.

ಮಧುಕರ್ ಸರ್ ಅಕ್ಕನ ಮುಂದೆ ಬಂದು ನಿಂತರು. ಕಣ್ಣು ಒದ್ದೆಯಾಗಿದ್ದವು. ಅದು ಸುಳ್ಳಲ್ಲ. ಕೈಯಲ್ಲಿ ಟ್ಯಾಬ್ ಇತ್ತು. ಅದೂ ಸುಳ್ಳಲ್ಲ.

"ಅಮ್ಮಾ, ನಮ್ಮಿಂದ ತಪ್ಪಾಗಿದೆ. ನಿಮ್ಮ ಸ್ಟೋರಿನ ನಾವು ಪೂರ್ತಿ ಬರೀತೀವಿ. ಹೊಸ ರಿಪೋರ್ಟ್ ಮಾಡ್ತೀವಿ. ಇಲ್ಲೊಂದು ಸಹಿ ಹಾಕಿ, ನಿಮ್ಮ ಮಾತು ಬಳಸೋಕೆ ಒಪ್ಪಿಗೆ ಅಂತ."

ಅಕ್ಕ ಟ್ಯಾಬನ್ನು ನೋಡಿದಳು. ತನ್ನ ಕೂಸಿನ ಹೆಸರು ಅದರೊಳಗೆ ಎಲ್ಲೋ ಇದೆ ಎಂದು ಅವಳಿಗೆ ಗೊತ್ತಿತ್ತು.

"ಮೊದಲ ಬರದದ್ದು ತಗೀರಿ. ಆಸ್ಪತ್ರಿ ಕಾಗದದಾಗಿಂದೂ ತಗಸ್ರಿ. ಸೂಜಿ ಬ್ಯಾಡಂದಾಳಂತ ಎಲ್ಲೆಲ್ಲಿ ಬರದೀರಿ, ಅಲ್ಲೆಲ್ಲಾ ತಗಸ್ರಿ. ತಗದಿದ್ದು ಓದಿ ತೋರಸ್ರಿ. ಆಮ್ಯಾಲ ಸಹಿದ ಮಾತು."

"ಅದು ಮಾಡ್ತೀವಿ ಅಮ್ಮ. ಆದ್ರೆ ಈಗ ಒಂದು..."

"ಇಲ್ಲ."

ಅಷ್ಟರಲ್ಲಿ ಆಯಿ ಸೀರೆಯ ಮಡಿಲಿನಿಂದ ಬೇವಿನ ಟೊಂಗಿ ತೆಗೆದಿದ್ದಳು. ಸೈಟಿನ ಕಂಪೌಂಡಿನ ಪಕ್ಕದ ಮರದ್ದು. ಹಾಲಿನ ಬಾಗಿಲನ್ನು ಎಳೆದು ಮುಚ್ಚಿದಳು. ಹಿತ್ತಾಳೆಯ ಹಿಡಿಕೆಗೆ ತಂತಿ ಸುತ್ತಿ ಬೇವು ಕಟ್ಟಿದಳು. ಮೂರು ಸುತ್ತು ಬಿಗಿದಳು.

"ಇಲ್ಲಿ ಬ್ಯಾನಿ ಅದ," ಎಂದಳು. "ಒಂಬತ್ತ ದಿನ ಯಾರೂ ಒಳಗ ಹೋಗಬ್ಯಾಡ್ರಿ. ಒಳಗಿನ ಕಾಗದ ಒಂದೂ ಹೊರಗ ಬರಬಾರದು."

ಮಧುಕರ್ ಸರ್ ವಾಚ್‌ಮನ್‌ನನ್ನು ಕರೆದು ಅದನ್ನು ಬಿಚ್ಚಲು ಹೇಳಿದರು. ಇಂದಾಪುರದ ಕಡೆಯ ಮುದುಕ. ಮೆಟ್ಟಿಲು ಹತ್ತಿ ಬಂದ. ಬಾಗಿಲು ನೋಡಿದ. ಕಾಲಿನ ಚಪ್ಪಲಿ ಬಿಟ್ಟ.

"ದೇವಿ ಆಹೆ ಸಾಹೇಬ," ಎಂದ. "ಮೀ ಹಾತ ನಾಯ್ ಲಾವಣಾರ."

ದೇವಿ ಇದ್ದಾಳೆ, ಕೈ ಹಚ್ಚಲಾರೆ ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮಧುಕರ್ ಸರ್ ನನ್ನನ್ನು ನೋಡಿದರು. ನಾನೂ ಕೈ ಹಚ್ಚಲಿಲ್ಲ.

ಅವರು ಟ್ಯಾಬನ್ನು ನನ್ನ ಕೈಗಿಟ್ಟು ಕೆಳಗಿಳಿದು ಹೋದರು. ಪರದೆಯ ಮೇಲೆ ಒಪ್ಪಿಗೆಯ ಪುಟ ಇನ್ನೂ ತೆರೆದಿತ್ತು. ಹೆಸರು ಶರಣಮ್ಮ. ಸಹಿ ಇಲ್ಲ. ಕೆಳಗೆ ಸಹಿ ಹಾಕದಿರಲು ಕಾರಣ ಏನೆಂಬ ಪ್ರಶ್ನೆ, ಅದೇ ಹಳೆಯ ನಾಲ್ಕು ಕಾರಣ. ಒಂದನ್ನು ಒತ್ತದೆ ಮುಂದೆ ಹೋಗುವಂತಿಲ್ಲ.

ಮೆಟ್ಟಿಲ ಕೆಳಗಿನಿಂದ ಅಕ್ಕ ಕೂಗಿದಳು.

"ಬರ್ತಿಯೇನೋ, ಇಲ್ಲ ಅಲ್ಲೇ ಇರ್ತಿಯೋ?"

ಮೂರನೆಯದರಲ್ಲಿ ನಂಬಿಕೆಯಿಂದ ಎಂಬ ಪದವನ್ನು ಹೆಬ್ಬೆರಳಿನಿಂದ ಮುಚ್ಚಿದೆ. ಉಳಿದದ್ದು ಒಂದೇ ಪದ. ನಿರಾಕರಣೆ. ಅದನ್ನು ಒತ್ತಿದೆ. ಈ ಸಲ ಅದು ನಿಜವಾಗಿತ್ತು.

ಟ್ಯಾಬನ್ನು ಬೇವಿನ ಕೆಳಗೆ, ಹೊಸ್ತಿಲ ಮೇಲೆ ಇಟ್ಟು ಇಳಿದೆ.